ಒಂದೇ ಆಸ್ಪತ್ರೆಯ ಎರಡು ಸುಳಿವುಗಳು

1879ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವೈದ್ಯ ವಿಲಿಯಂ ಗವರ್ಸ್ ಹುಡುಗರನ್ನು ಕಾಡುವ ಒಂದು ಕಾಯಿಲೆಯ ಬಗ್ಗೆ ಬರೆದರು. ಮೀನಖಂಡ ಪೈಲ್ವಾನರದ್ದರಂತೆ ಉಬ್ಬಿರುತ್ತದೆ, ಬಲ ಮಾತ್ರ ಇಲ್ಲ. ನೆಲದಿಂದ ಏಳು ಎಂದರೆ ಹುಡುಗ ಮೊದಲು ಬೋರಲು ಮಗುಚುತ್ತಾನೆ. ಅಂಗೈ ಊರಿ ಸೊಂಟ ಎತ್ತುತ್ತಾನೆ. ಆಮೇಲೆ ಕೈಗಳನ್ನು ಮೊಣಕಾಲಿಗೆ, ಅಲ್ಲಿಂದ ತೊಡೆಗೆ ಒಂದೊಂದಾಗಿ ಸರಿಸುತ್ತ, ತನ್ನ ಮೈಯನ್ನೇ ಹಿಡಿದು ಹತ್ತಿ ನಿಲ್ಲುತ್ತಾನೆ. ಈ ಏಳುವ ಪರಿಗೆ ಗವರ್ಸ್ ಹೆಸರು ಬಂತು. ಕಾಯಿಲೆಗೆ 1860ರ ದಶಕದಲ್ಲಿ ಅದನ್ನು ವಿವರಿಸಿದ ಫ್ರಾನ್ಸಿನ ಡುಶೆನ್ ಹೆಸರು: ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ. ಅವರಿಗೂ ಮೊದಲೇ ಬರೆದಿದ್ದ ಲಂಡನ್ನಿನ ಎಡ್ವರ್ಡ್ ಮೆರಿಯನ್‌ಗೆ ಮಾತ್ರ ಏನೂ ದಕ್ಕಲಿಲ್ಲ.

ಅದೇ ಸಂಸ್ಥೆಯಲ್ಲಿ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪಿನ ದ್ರಾವಣದಲ್ಲಿ ಬಡಿಯುವಂತೆ ಮಾಡುತ್ತಿದ್ದರು. 1882ರಲ್ಲಿ ಹೃದಯ ಚೆನ್ನಾಗಿಯೇ ಬಡಿಯಿತು. ಆದರೆ ಭಟ್ಟಿ ಇಳಿಸಿದ ನೀರಿನಲ್ಲಿ ದ್ರಾವಣ ಮಾಡಿದರೆ ಸ್ವಲ್ಪ ಹೊತ್ತಿಗೇ ನಿಲ್ಲುತ್ತಿತ್ತು. ವಿಚಾರಿಸಿದರೆ, ಮೊದಲಿನದಕ್ಕೆ ಬಳಸಿದ್ದು ನ್ಯೂ ರಿವರ್ ಕಂಪನಿಯ ನಲ್ಲಿ ನೀರು! ಹರ್ಟ್‌ಫರ್ಡ್‌ಶೈರ್‌ನ ಸುಣ್ಣದ ನೆಲದ ಒರತೆಗಳಿಂದ 1613ರಿಂದಲೂ ಕಾಲುವೆಯಲ್ಲಿ ಊರಿಗೆ ಬರುತ್ತಿದ್ದ ಗಡಸು ನೀರು ಅದು. ಹೃದಯವನ್ನು ನಡೆಸಿದ್ದು ಅದರಲ್ಲಿದ್ದ ಕ್ಯಾಲ್ಸಿಯಂ ಎಂದು 1883ರಲ್ಲಿ ರಿಂಗರ್ ತಿದ್ದಿ ಬರೆದರು. ನಮ್ಮ ಆಸ್ಪತ್ರೆಗಳಲ್ಲಿ ಡ್ರಿಪ್ ಸ್ಟ್ಯಾಂಡಿಗೆ ತೂಗುವ 'ಆರ್‌ಎಲ್' ಬಾಟಲಿಯ 'ಆರ್' ಇದೇ ರಿಂಗರ್.

ಒಂದೇ ಸೂರಿನಡಿ ಸಿಕ್ಕ ಈ ಎರಡು ಸುಳಿವುಗಳು ಕೂಡಲು ಸುಮಾರು ನೂರು ವರ್ಷ ಹಿಡಿಯಿತು.

ಕಾರಣವೂ ಇತ್ತು. ಕೈಕಾಲಿನ ಸ್ನಾಯು ಹೃದಯದಂತಲ್ಲ. ಹೊರಗೆ ಕ್ಯಾಲ್ಸಿಯಂ ಇಲ್ಲದಿದ್ದರೂ ಸ್ವಲ್ಪ ಕಾಲ ಸಂಕುಚಿಸುತ್ತದೆ. ತನಗೆ ಬೇಕಾದದ್ದನ್ನು ಅದು ಒಳಗಿನ ಪುಟ್ಟ ಚೀಲಗಳಲ್ಲೇ ಕೂಡಿಟ್ಟುಕೊಂಡಿರುತ್ತದೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. 1947ರಲ್ಲಿ ಅಮೆರಿಕದ ಹೈಲ್‌ಬ್ರನ್ ಮತ್ತು ವೀರ್ಸಿನ್ಸ್‌ಕಿ ಕಪ್ಪೆಯ ಸ್ನಾಯುತಂತುವಿನೊಳಕ್ಕೆ ಕ್ಯಾಲ್ಸಿಯಂ ಹೊಗಿಸಿ ಅದು ಮುದುಡುವುದನ್ನು ತೋರಿಸಿದರು. ಆದರೆ ಜೀವರಸಾಯನ ವಿಜ್ಞಾನಿಗಳ ಗಮನವೆಲ್ಲ ಸ್ನಾಯುವಿಗೆ ಶಕ್ತಿ ಕೊಡುವ ಎಟಿಪಿಯ ಮೇಲಿತ್ತು. ಇಷ್ಟು ಸರಳವಾದೊಂದು ಲವಣಾಂಶ ಸ್ನಾಯುವಿಗೆ ಅಪ್ಪಣೆ ಕೊಡುತ್ತದೆ ಎಂದರೆ ಒಪ್ಪುವವರು ಕಡಿಮೆ.

ಒಪ್ಪಿಸಿದವರಲ್ಲಿ ಮುಖ್ಯರು ಟೋಕಿಯೋದ ಸೆತ್ಸುರೊ ಎಬಾಶಿ. ಆ ಚೀಲಗಳು ಕ್ಯಾಲ್ಸಿಯಂ ಹೀರಿಕೊಂಡಾಗ ಸ್ನಾಯು ಸಡಿಲವಾಗುತ್ತದೆ ಎಂಬುದನ್ನು ಅವರೂ ಜರ್ಮನಿಯ ಹಾಸೆಲ್‌ಬಾಖ್ ಅವರೂ ಬೇರೆಬೇರೆಯಾಗಿ ತೋರಿಸಿದರು. 1960ರ ದಶಕದಲ್ಲಿ ಕ್ಯಾಲ್ಸಿಯಂ ಬಂದು ಕೂರುವ ಪ್ರೋಟೀನ್ ಟ್ರೊಪೋನಿನ್ ಕೂಡ ಎಬಾಶಿಯವರಿಗೇ ಸಿಕ್ಕಿತು. ಸ್ವಾರಸ್ಯವೆಂದರೆ, 1959ರಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿ ರೋಗಿಗಳ ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ (ಸಿಪಿಕೆ) ಕಿಣ್ವ ಏರಿರುತ್ತದೆ ಎಂದು ಸಂಗಡಿಗರೊಂದಿಗೆ ವರದಿ ಮಾಡಿದ್ದೂ ಇವರೇ. ಮಗ ಪದೇ ಪದೇ ಬೀಳುತ್ತಾನೆಂದು ಕರೆತಂದರೆ ವೈದ್ಯರು ಇಂದಿಗೂ ಬರೆದುಕೊಡುವ ಸಿಪಿಕೆ ಪರೀಕ್ಷೆಯ ಬೇರು ಅಲ್ಲಿದೆ.

ರೋಗಕ್ಕೂ ಕ್ಯಾಲ್ಸಿಯಂಗೂ ಇರುವ ನಂಟನ್ನು 1976ರಲ್ಲಿ ರೊಗೆಮನ್ ಮತ್ತು ಪೆನಾ ಎತ್ತಿ ಹೇಳಿದರು: ಕೋಶದೊಳಗೆ ಮಿತಿಮೀರಿದ ಕ್ಯಾಲ್ಸಿಯಂ ಮೈಟೊಕಾಂಡ್ರಿಯಾಗಳನ್ನು ಕೆಡಿಸಿ ಸ್ನಾಯುವನ್ನೇ ಕೊಲ್ಲುತ್ತದೆ. ಅದು ಮಿತಿಮೀರುವುದೇಕೆ ಎಂಬುದಕ್ಕೆ ಉತ್ತರದ ದಾರಿ ತೆರೆದದ್ದು 1987ರಲ್ಲಿ, ಬಾಸ್ಟನ್‌ನ ಲೂಯಿಸ್ ಕುಂಕೆಲ್ ತಂಡ ಈ ಹುಡುಗರಲ್ಲಿ ಇರದ ಡಿಸ್ಟ್ರೋಫಿನ್ ಪ್ರೋಟೀನನ್ನು ಗುರುತಿಸಿದಾಗ. ಅದಿಲ್ಲದ ತಂತುವಿನ ಪೊರೆ ಸೆಳೆತಕ್ಕೆ ಸುಲಭವಾಗಿ ಹರಿಯುತ್ತದೆ. ಹೊರಗೆ ಸಾವಿರಾರು ಪಟ್ಟು ಹೆಚ್ಚಿರುವ ಕ್ಯಾಲ್ಸಿಯಂ ಒಳಕ್ಕೆ ಸೋರುತ್ತದೆ. ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವಗಳು ಎಚ್ಚೆತ್ತುಕೊಳ್ಳುತ್ತವೆ.

ಹಾಗಾದರೆ ಬಿಪಿಗೆ ಕೊಡುವ ಕ್ಯಾಲ್ಸಿಯಂ ತಡೆ ಮಾತ್ರೆಗಳೇ ಸಾಕಲ್ಲವೇ? ಡಿಲ್ಟಿಯಾಜೆಮ್, ವೆರಪಮಿಲ್, ನಿಫೆಡಿಪಿನ್ ಎಲ್ಲವನ್ನೂ ಹುಡುಗರಿಗೆ ಕೊಟ್ಟು ನೋಡಿದ್ದಾಯಿತು. ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ. ಹರಿದ ಪೊರೆಗೆ ಈ ಮಾತ್ರೆಗಳು ಏನು ಮಾಡಿಯಾವು? 2011ರಲ್ಲಿ ಕ್ಯಾಲ್ಸಿಯಂ ಅನ್ನು ಮರಳಿ ಚೀಲಕ್ಕೆ ತುಂಬುವ ಪಂಪನ್ನು ಇಲಿಗಳಲ್ಲಿ ಹೆಚ್ಚಿಸಿದಾಗ ಸ್ನಾಯು ಸುಧಾರಿಸಿತು. ಆಸ್ಪತ್ರೆಗೆ ಬರುವ ಹುಡುಗರಿಗೆ ಮಾತ್ರ ಚಿಕಿತ್ಸೆಯ ಮುಖ್ಯ ಆಧಾರ ಈಗಲೂ ಸ್ಟೆರಾಯ್ಡ್ ಮಾತ್ರೆಗಳೇ.