ಕ್ರಿಕೆಟ್ಟಿನಲ್ಲಿ ನಮ್ಮ ಪಕ್ಷ ಯಾವುದು?

ರಣಜಿ ಪಂದ್ಯಾವಳಿಯ ಪ್ರಥಮ ಪಂದ್ಯವು 1934ನೆಯ ಇಸವಿ ನವೆಂಬರ್ 4ರಂದು ಚೇಪಾಕಿನಲ್ಲಿ ಮದರಾಸು ಮತ್ತು ಮೈಸೂರು ತಂಡಗಳೊಳಗೆ ನಡೆದು ಒಂದೇ ದಿನದಲ್ಲಿ ಮುಗಿಯಿತು. ಸೋತುದು ಮೈಸೂರು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕನ್ನಡಿಗರು ಅಂದು ಗೆದ್ದವರ ಕಡೆಯವರು! ದಕ್ಷಿಣ ಕನ್ನಡವು 1956ರ ವರೆಗೂ ಮದರಾಸಿಗೆ ಸೇರಿದ್ದಿತೆಂಬುದು ವಾಚಕರಿಗೆ ವಿದಿತವೇ ಇದೆ.

ಗಡಿ ಬದಲಾದರೂ ಅಭಿಮಾನವು ಒಡನೆಯೇ ಬದಲಾಗಲಿಲ್ಲ. ನನ್ನ ಬಾಲ್ಯದಲ್ಲಿಯೂ ಮನೆಯ ಹಿರಿಯರು ಮೊದಲು ವಿಚಾರಿಸುತ್ತಿದ್ದುದು ಮದರಾಸಿನ ಆಟವನ್ನೇ. ಕೊಯ್ಲು ಮುಗಿದ ಗದ್ದೆಯಲ್ಲಿ ತೆಂಗಿನ ಮಡಲಿನ ಬುಡವನ್ನು ದಾಂಡಾಗಿಸಿಕೊಂಡ ಹುಡುಗರಾದ ನಾವು ಮಾತ್ರ ವಿಶ್ವನಾಥ, ಚಂದ್ರಶೇಖರ, ಪ್ರಸನ್ನರಾಗಿದ್ದೆವು. 1970ರ ಜನವರಿಯಲ್ಲಿ ಮಣಿಪಾಲದಿಂದ ‘ಉದಯವಾಣಿ’ ಹೊರಡತೊಡಗಿದ ಮೇಲೆ ಪತ್ರಿಕೆಯ ಆಟದ ಪುಟಕ್ಕಾಗಿ ಹಿರಿಯರಿಗೂ ನಮಗೂ ನಿತ್ಯಕಲಹ.

1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಯಿತು. ಎಡೆಬಿಡದೆ 15 ವರ್ಷ ರಣಜಿ ಪಾರಿತೋಷಕವನ್ನು ಕೈವಶ ಮಾಡಿಕೊಂಡಿದ್ದ ಮುಂಬಯಿಯು 1974ರಲ್ಲಿ, ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ, ಮೊದಲ ಇನ್ನಿಂಗ್ಸಿನ ಹಿನ್ನಡೆಯಿಂದ ಪ್ರಸನ್ನರ ತಂಡಕ್ಕೆ ಮಣಿಯಿತು. ವಿಶ್ವನಾಥರ 162, ಬ್ರಿಜೇಶ ಪಟೇಲರ 106, ಪ್ರಸನ್ನರ ಚೆಂಡಿಗೆ ಗಾವಸ್ಕರರ ವಿಕೆಟ್ಟು, ಕಾಲುಜಾರಿದ ವಾಡೇಕರರ ರನೌಟು—ಇವೆಲ್ಲ ನನಗೆ ಅಮರಕೋಶಕ್ಕಿಂತ ಬೇಗ ಕಂಠಸ್ಥವಾದುವು. (ಪಾಠಶಾಲೆಯ ಗುರುಗಳಿಗೆ ಇದು ತಿಳಿಯದಿದ್ದುದು ನನ್ನ ಪುಣ್ಯ.)

ಜಯಪುರದ ಅಂತಿಮ ಪಂದ್ಯದಲ್ಲಿ ರಾಜಸ್ಥಾನವೂ ಸೋತಿತು. ಆ ವಾರ್ತೆ ಬಂದ ದಿನ ಹಿರಿಯರು ಮದರಾಸಿನ ಮಾತನ್ನೇ ಎತ್ತಲಿಲ್ಲ, ಜಗಲಿಯಿಂದಲೇ ಕೂಗಿ ಕೇಳಿದರು: “ನಮ್ಮರ್ ಗೆದ್ರಂಬ್ರಾ?”