ತಮ್ಮನ ಪೆಟ್ಟಿಗೆ

ಕೈಲಾಂಚದ ನನ್ನ ತವರುಮನೆಯಲ್ಲಿ ರೇಷ್ಮೆಹುಳು ಸಾಕುವುದನ್ನು ಬಿಟ್ಟು ಕೆಲವು ವರ್ಷಗಳಾದವು. ಹುಳುಮನೆಯಲ್ಲಿ ಈಗ ಉಳಿದಿರುವುದು ಹಳೆಯ ಚಂದ್ರಿಕೆಗಳು, ಮುರಿದ ತಟ್ಟೆಗಳು, ಅವುಗಳ ಹಿಂದೆ ಗೋಣಿತಾಟು ಹೊದ್ದು ನಿಂತ ಆಳೆತ್ತರದ ಒಂದು ಮರದ ಪೆಟ್ಟಿಗೆ. ಕಳೆದ ದಸರಾ ರಜೆಯಲ್ಲಿ ತಮ್ಮನ ಮಗ ಆ ಗೋಣಿತಾಟನ್ನು ಎಳೆದುಹಾಕಿ, "ಅತ್ತೆ, ಇದನ್ನ ಪೂರ್ತಿ ಹೊಸದು ಮಾಡ್ಬಿಡ್ತೀನಿ" ಎಂದ. ಹಳೆಯ ಟ್ಯೂಬು ತೆಗೆದು ಚಪ್ಪಟೆ ಪರದೆ, ಒಳಗೆ ಅಂಗೈಯಗಲದ ಕಂಪ್ಯೂಟರು, ಅದರಲ್ಲಿ ಸಾವಿರ ಆಟ. ತಮ್ಮನಿಗೆ ಅದು ಸರಿಬರಲಿಲ್ಲ. "ರಿಪೇರಿ ಮಾಡ್ಸೋದಾದ್ರೆ ಇದ್ದ ಹಾಗೆ ಮಾಡ್ಸು. ಇಲ್ದಿದ್ರೆ ಅದರ ಪಾಡಿಗೆ ಬಿಡು" ಎಂದ. ಅಪ್ಪ ಮಗನ ನಡುವೆ ತೀರ್ಪು ಹೇಳಲು ನಾನು ಕೂತೆ. ಮೇಡಂ ಆದವಳಿಗೆ ಎಲ್ಲ ಕಡೆಯೂ ಇದೇ ಕೆಲಸ.

ಅದು ವಿಡಿಯೋ ಗೇಮ್ ಪೆಟ್ಟಿಗೆ. 1990ರ ದಶಕದಲ್ಲಿ ನಿಮ್ಮೂರಿನ ಬಸ್ ಸ್ಟ್ಯಾಂಡಿನ ಹತ್ತಿರವೂ ಇಂಥ ಅಂಗಡಿ ಇದ್ದಿರಬಹುದು. ಬಾಗಿಲಿಗೆ ಇಳಿಬಿಟ್ಟ ಪರದೆ, ಒಳಗೆ ಕತ್ತಲು, ಗುದ್ದಾಟದ ಸದ್ದು, ಹೊರಗೆ ಸಾಲು ಸೈಕಲ್ಲು. ಪಿಯುಸಿಯಲ್ಲಿ ಫೇಲಾದ ತಮ್ಮ 1990ರಲ್ಲಿ ರಾಮನಗರದಲ್ಲಿ ಅಂಥದೊಂದು ಅಂಗಡಿ ತೆರೆದ. ಅಪ್ಪ ಅವನೊಂದಿಗೆ ಮಾತು ಬಿಟ್ಟರು. ಎರಡು ವರ್ಷದ ಮೇಲೆ ನನ್ನ ಬಿ.ಎಡ್. ಫೀಸಿಗೆ ಗೂಡಿನ ದುಡ್ಡು ಸಾಲದೆ ಹೋದಾಗ, ಬಟ್ಟೆ ಚೀಲದ ತುಂಬ ರೂಪಾಯಿ ನಾಣ್ಯ ತಂದು ಅಡಿಗೆಮನೆಯಲ್ಲಿ ಸದ್ದಿಲ್ಲದೆ ನನ್ನ ಮುಂದಿಟ್ಟವನು ಅವನೇ.

ಕೆಲಸ ಸಿಕ್ಕಿದ ಮೇಲೆ ನಾನು ಮಾಡಿದ್ದೇನು? ಬೆಳಗಿನ ಪ್ರಾರ್ಥನೆಯ ಸಾಲಿನ ಮುಂದೆ ನಿಂತು, "ವಿಡಿಯೋ ಗೇಮ್ ಅಂಗಡಿಗೆ ಹೋಗುವವರು ಉದ್ಧಾರ ಆಗೋದಿಲ್ಲ" ಎಂದು ಗದರಿಸಿದೆ. ನನ್ನ ತಮ್ಮನದೂ ಅಂಥ ಅಂಗಡಿಯೇ ಎಂದು ಸ್ಟಾಫ್ ರೂಮಿನಲ್ಲಿ ಬಾಯಿ ಬಿಡಲಿಲ್ಲ. ಮಕ್ಕಳು ಶಾಲೆ ತಪ್ಪಿಸುತ್ತಿದ್ದುದು ನಿಜ, ಗದರಿಸಿದ್ದು ತಪ್ಪಲ್ಲ. ಮುಚ್ಚಿಟ್ಟದ್ದು ತಪ್ಪು.

ತೀರ್ಪು ಹೇಳುವ ಮೊದಲು ಈ ಪೆಟ್ಟಿಗೆಯ ಚರಿತ್ರೆಯನ್ನು ಓದಿದೆ. 1972ರಲ್ಲಿ ಅಮೆರಿಕದ ಅಟಾರಿ ಕಂಪನಿ 'ಪಾಂಗ್' ಎಂಬ ಆಟದ ಪೆಟ್ಟಿಗೆಯನ್ನು ಹೊರತಂದಿತು: ಎರಡು ಗೆರೆ, ಒಂದು ಚುಕ್ಕೆ, ಟೇಬಲ್ ಟೆನಿಸ್ಸಿನ ಹಾಗೆ. 1978ರಲ್ಲಿ ಜಪಾನಿನ ಟೈಟೋ ಕಂಪನಿಯ 'ಸ್ಪೇಸ್ ಇನ್ವೇಡರ್ಸ್' ಬಂದಿತು. ಅದರ ಮೊದಲ ಪೆಟ್ಟಿಗೆಗಳ ಪರದೆ ಕಪ್ಪು ಬಿಳುಪಿನದು. ಬಣ್ಣದ ಹಾಳೆ ಅಂಟಿಸಿ ಬಣ್ಣದ ಭ್ರಮೆ ಹುಟ್ಟಿಸುತ್ತಿದ್ದರು. 1980ರಲ್ಲಿ 'ಪ್ಯಾಕ್‌ಮ್ಯಾನ್' ಬಂದಿತು. ಅದನ್ನು ರೂಪಿಸಿದ ತೋರು ಇವಾತಾನಿಗೆ, ಗಂಡಸರೇ ತುಂಬಿದ್ದ ಆ ಅಂಗಡಿಗಳಿಗೆ ಹೆಂಗಸರೂ ಬರಲಿ ಎಂಬ ಆಸೆಯಿತ್ತಂತೆ. ಹೊಡೆದಾಟ ಬಿಟ್ಟು ತಿನ್ನುವುದನ್ನೇ ಆಟ ಮಾಡಿದ.

ಮುಂದಿನ ಕತೆ ನನಗೆ ಹೆಚ್ಚು ರುಚಿಸಿತು. ಅಮೆರಿಕದ ಕೆಲವು ಯುವಕರು ಪ್ಯಾಕ್‌ಮ್ಯಾನ್ ಪೆಟ್ಟಿಗೆಯೊಳಗೆ ಸೇರಿಸಿ ಆಟವನ್ನೇ ಬದಲಿಸಬಲ್ಲ ಒಂದು ಸಣ್ಣ ಬೋರ್ಡನ್ನು ಮಾಡಿದರು. ಅದೇ ಬೆಳೆದು 1982ರಲ್ಲಿ 'ಮಿಸ್ ಪ್ಯಾಕ್‌ಮ್ಯಾನ್' ಆಯಿತು. ಈ ಆಟಗಳ ಲೋಕದ ಹೆಸರುವಾಸಿ ಹೆಣ್ಣು ಹುಟ್ಟಿದ್ದೇ ಹಳೆಯ ಪೆಟ್ಟಿಗೆಯ ಮಾರ್ಪಾಡಿನಿಂದ! ಆ ದಶಕದ ನಡುವಿನಲ್ಲಿ ಜಪಾನಿನ ತಯಾರಕರ ಸಂಘ 'ಜಮ್ಮಾ' ಎಂಬ 56 ಸಂಪರ್ಕಗಳ ಒಂದೇ ಮಾದರಿಯ ಕನೆಕ್ಟರನ್ನು ಗೊತ್ತುಮಾಡಿತು. ಅಂದಿನಿಂದ ಒಂದು ಬೋರ್ಡು ಕಿತ್ತು ಇನ್ನೊಂದನ್ನು ಸಿಕ್ಕಿಸಿದರೆ ಅದೇ ಪೆಟ್ಟಿಗೆಗೆ ಹೊಸ ಆಟ.

ಇದನ್ನು ತಮ್ಮನಿಗೆ ಹೇಳಿದರೆ ಅವನು ನಕ್ಕ. "ನಾನೇ ಮೂರು ಸಲ ಬೋರ್ಡು ಬದಲಾಯಿಸಿದೀನಿ ಬಿಡಕ್ಕ. ಹುಡುಗರಿಗೆ ಬೇಜಾರಾದ್ರೆ ಕಾಸು ಎಲ್ಲಿಂದ ಬರ್ಬೇಕು?"

ಹಾಗಾದರೆ 'ಇದ್ದ ಹಾಗೆ' ಎಂದರೆ ಯಾವಾಗ ಇದ್ದ ಹಾಗೆ? ದೇವಸ್ಥಾನಗಳ ಜೀರ್ಣೋದ್ಧಾರದಲ್ಲೂ ಈ ಪ್ರಶ್ನೆ ಏಳುತ್ತದೆ. ಹಳೆಯ ಕಲ್ಲುಕಂಬಕ್ಕೆ ಆಯಿಲ್ ಪೇಂಟ್ ಬಳಿದು ಉದ್ಧಾರವಾಯಿತು ಎನ್ನುವುದನ್ನು ನಾವೆಲ್ಲ ನೋಡಿದ್ದೇವೆ. 1964ರಲ್ಲಿ ವೆನಿಸ್ ನಗರದಲ್ಲಿ ಸೇರಿದ ತಜ್ಞರು ಇದಕ್ಕೆ ಕೆಲವು ನಿಯಮಗಳನ್ನು ಬರೆದರು. ಬೇರೆ ಬೇರೆ ಕಾಲದಲ್ಲಿ ಸೇರಿದ್ದಕ್ಕೂ ಬೆಲೆ ಕೊಡಬೇಕು, ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಎಂಬವು ಅವುಗಳಲ್ಲಿ ಎರಡು. ಪಕ್ಕದ ಚನ್ನಪಟ್ಟಣವನ್ನೇ ನೋಡಿ. ಕೈಯಿಂದ ತಿರುಗಿಸುತ್ತಿದ್ದ ಲೇತಿನ ಜಾಗಕ್ಕೆ ಕರೆಂಟಿನ ಲೇತು ಬಂದರೂ ಬೊಂಬೆ ಚನ್ನಪಟ್ಟಣದ್ದೇ. ಆದರೆ ಹಾಲೆಮರ ಹೋಗಿ, ಅರಗಿನ ಬಣ್ಣವೂ ಹೋಗಿ ಪ್ಲಾಸ್ಟಿಕ್ ಬಂದರೆ ಉಳಿಯುವುದು ಆಕಾರ ಮಾತ್ರ. ಬದಲಾವಣೆಯಲ್ಲೂ ಎರಡು ಬಗೆ.

ಪೆಟ್ಟಿಗೆಯ ಹಿಂಬಾಗಿಲು ತೆಗೆಯಲು ಟಿ.ವಿ. ಕೆಲಸ ಬಲ್ಲವರೊಬ್ಬರನ್ನು ಕರೆಸಿದೆವು. ಹಳೆಯ ಟ್ಯೂಬಿನಲ್ಲಿ ಸಾವಿರಾರು ವೋಲ್ಟಿನ ವಿದ್ಯುತ್ತು, ಸ್ವಿಚ್ ಆರಿಸಿದ ಮೇಲೂ ಉಳಿದಿರಬಹುದು. ಮಕ್ಕಳ ಕೈ ಹಾಕಿಸುವ ಕೆಲಸವಲ್ಲ. ತಳದ ಹಲಗೆಯನ್ನು ಗೆದ್ದಲು ತಿಂದಿತ್ತು. ಟ್ಯೂಬು ಮಾತ್ರ ಹೊತ್ತಿಕೊಂಡಿತು. ಆರಿಸಿದಾಗಲೂ ಗಾಜಿನ ಮೇಲೆ ಅಂಕದ ಸಾಲಿನ ಮಸುಕು ನೆರಳು ಕಾಣುತ್ತಿತ್ತು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಉರಿದ ಬೆಳಕು ಬಿಟ್ಟ ಗುರುತು ಅದು. ಬಾಗಿಲಿನ ಒಳಮೈಯಲ್ಲಿ ತಮ್ಮನ ಪೆನ್ಸಿಲ್ ಲೆಕ್ಕ: ತಾರೀಖು, ಕಲೆಕ್ಷನ್, ಕರೆಂಟು, ಬಾಡಿಗೆ. ನಡುವೆ ಒಂದು ಕಡೆ 'ಅಕ್ಕ, ಫೀಸು' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದ. ಹುಡುಗ ಮೊದಲು ಬದಲಾಯಿಸಬೇಕೆಂದಿದ್ದ ಹಲಗೆಯೇ ಅದು.

ನನ್ನ ತೀರ್ಪು ಹೀಗಾಯಿತು. ಗೆದ್ದಲು ತಿಂದ ತಳಕ್ಕೆ ಮಾತ್ರ ಹೊಸ ಹಲಗೆ. ಹಿಂಬಾಗಿಲಿಗೆ ಉಪ್ಪುಕಾಗದವೂ ಬೇಡ, ಬಣ್ಣವೂ ಬೇಡ. ಟ್ಯೂಬು ಬದುಕಿರುವ ತನಕ ಅದೇ ಇರಲಿ. ಅಂದಿನ ಚಿತ್ರಗಳನ್ನು ಬರೆದದ್ದೇ ಅದರ ಮೃದುವಾದ ಬೆಳಕಿಗೆ. ಚಪ್ಪಟೆ ಪರದೆಯಲ್ಲಿ ಅವು ಬರಿಯ ಚೌಕಗಳ ಹಾಗೆ ಕಾಣುತ್ತವೆ. ಹುಡುಗನ ಕಂಪ್ಯೂಟರನ್ನು ಅದೇ ಹಳೆಯ ಕನೆಕ್ಟರಿಗೆ ಸಿಕ್ಕಿಸಬಹುದು, ಬೇಡವಾದಾಗ ಕಿತ್ತು ಹಳೆಯ ಬೋರ್ಡು ಹಾಕಬಹುದು. ಒಂದು ತೂತನ್ನೂ ಹೊಸದಾಗಿ ಕೊರೆಯಕೂಡದು. ನಾಳೆ ಯಾರಾದರೂ ನಮ್ಮ ಕೆಲಸ ಸರಿಯಿಲ್ಲ ಎಂದರೆ ಅದನ್ನು ಬಿಚ್ಚಿಹಾಕಲು ಅವರಿಗೆ ದಾರಿ ಇರಬೇಕು.

ಅಪ್ಪ ಮಗ ಇಬ್ಬರೂ ಗೊಣಗಿದರು. ಆದರೆ ಒಪ್ಪಿದರು.

ರಜೆ ಮುಗಿದು ಶಾಲೆಗೆ ಹೋದ ದಿನ ಸ್ಟಾಫ್ ರೂಮಿನಲ್ಲಿ ಈ ಕತೆಯನ್ನೆಲ್ಲ ಹೇಳಿದೆ, ಫೀಸಿನ ಮಾತನ್ನೂ ಸೇರಿಸಿ. ಯಾರೂ ಆಶ್ಚರ್ಯಪಡಲಿಲ್ಲ. ಮೂವತ್ತು ವರ್ಷ ನಾನು ಹೊತ್ತ ಗುಟ್ಟಿಗೆ ಅಷ್ಟೇ ತೂಕ!

ಸಂಕ್ರಾಂತಿಗೆ ಹೋದಾಗ ಪೆಟ್ಟಿಗೆ ಬೆಳಗುತ್ತಿತ್ತು. ಇಂದಿನ ರೂಪಾಯಿ ಅಂದಿನದಕ್ಕಿಂತ ಚಿಕ್ಕದು, ಆ ಕಿಂಡಿಗೆ ಆಗುವುದಿಲ್ಲ. ನಾಣ್ಯದ ಬದಲು ಗುಂಡಿ ಇಡೋಣವೆಂದು ಹುಡುಗ ಹೇಳುತ್ತಿದ್ದ. ಅಮ್ಮನ ಹಳೆಯ ಕಾಸಿನ ಡಬ್ಬಿಯಿಂದ ಹತ್ತು ದೊಡ್ಡ ರೂಪಾಯಿ ಆರಿಸಿ ತಂದೆ. ಮೊದಲನೆಯದನ್ನು ನಾನೇ ಹಾಕಿದೆ. ಅರ್ಧ ನಿಮಿಷದಲ್ಲಿ ಸೋತೆ.

"ಇನ್ನೊಂದು ಹಾಕಕ್ಕ" ಎಂದ ತಮ್ಮ, ಅಂಗಡಿಯವನ ದನಿಯಲ್ಲೇ.