ಹೆಸರಿನ ಕಾವಲುಗಾರರು

ವ್ಯಾಪಾರಕ್ಕೆ ಬಂಡವಾಳ ಎಷ್ಟು ಮುಖ್ಯವೋ ಹೆಸರೂ ಅಷ್ಟೇ ಮುಖ್ಯ. ಮುಂಬಯಿ ಕನ್ನಡಿಗರಾದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಾಟುಂಗ, ಫೋರ್ಟ್ ಮೊದಲಾದೆಡೆ ಹೋಟೆಲು ತೆರೆದ ನಮ್ಮ ಹಿರಿಯರು ಹಣಕ್ಕಿಂತ ಮೊದಲು ಗಳಿಸಿದ್ದು ಒಳ್ಳೆಯ ಹೆಸರನ್ನು. ಆ ಹೆಸರನ್ನು ಪರರು ಎತ್ತಿಕೊಂಡರೆ ಕಾಯುವವರು ಯಾರು?

ಬ್ರಿಟಿಷ್ ಹಿಂದುಸ್ಥಾನದಲ್ಲಿ 1940ರವರೆಗೆ ವ್ಯಾಪಾರ ಚಿಹ್ನೆಗಳ ನೋಂದಣಿಗೆ ಪ್ರತ್ಯೇಕ ಕಾಯಿದೆ ಇರಲಿಲ್ಲ. ದಸ್ತಾವೇಜು ಕಚೇರಿಯಲ್ಲಿ ಒಂದು ಘೋಷಣಾಪತ್ರ ಬರೆದಿಟ್ಟು, ಕಳವಾದಾಗ ಕೋರ್ಟಿನ ಮೆಟ್ಟಲು ಹತ್ತಬೇಕಾಗಿತ್ತು. 1940ರ ಟ್ರೇಡ್ ಮಾರ್ಕ್ಸ್ ಕಾಯಿದೆ ಈ ಕೊರತೆಯನ್ನು ನೀಗಿಸಿತು. ಅದರ ಸ್ಥಾನಕ್ಕೆ 1958ರ ಕಾಯಿದೆ, ಬಳಿಕ 1999ರ ಕಾಯಿದೆ ಬಂದವು. ಕೊನೆಯದು 2003ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿದೆ. ಈ ನೋಂದಣಿಯ ಕೇಂದ್ರ ಕಚೇರಿ ನಮ್ಮ ಮುಂಬಯಿಯ ಆಂಟಾಪ್ ಹಿಲ್‌ನಲ್ಲೇ ಇರುವುದು. ಕರ್ನಾಟಕದ ವ್ಯಾಪಾರಿಗಳ ಅರ್ಜಿಗಳಾದರೋ ಚೆನ್ನೈ ಶಾಖೆಗೆ ಸೇರುವುವು.

ಅರ್ಜಿ ಬಂದೊಡನೆ ಅದು ಪರೀಕ್ಷಕರ ಕೈಸೇರುವುದು. ಇಂತಹದೇ ಹೆಸರು ಈ ಮೊದಲೇ ದಾಖಲಾಗಿದೆಯೇ? ಸರಕಿನ ಗುಣವನ್ನೋ ಊರನ್ನೋ ಮಾತ್ರ ಹೇಳುವ ಪದವೇ? ಜನ ಮೋಸಹೋಗುವರೇ? ಇವೆಲ್ಲವನ್ನೂ ನೋಡಿ, ಆಕ್ಷೇಪವಿದ್ದರೆ ಕಾರಣಸಹಿತ ಬರೆಯಬೇಕು. ಅಂಗೀಕೃತವಾದ ಚಿಹ್ನೆ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಯಾರೇ ಆಗಲಿ 4 ತಿಂಗಳೊಳಗೆ ವಿರೋಧಿಸಬಹುದು.

ಈ ಕೆಲಸ ಎಷ್ಟು ಸೂಕ್ಷ್ಮವೆಂಬುದಕ್ಕೆ ನಮ್ಮ ನಾಡಿನದೇ ಒಂದು ನಿದರ್ಶನವಿದೆ. ಕರ್ನಾಟಕ ಹಾಲು ಮಹಾಮಂಡಳ 1985ರಿಂದ ‘ನಂದಿನಿ’ ಹೆಸರನ್ನು ಬಳಸುತ್ತಿದೆ. ಬೆಂಗಳೂರಿನ ‘ನಂಧಿನಿ ಡೀಲಕ್ಸ್’ ಹೋಟೆಲು 1989ರಲ್ಲಿ ಹುಟ್ಟಿತು. ಹೋಟೆಲಿನ ಚಿಹ್ನೆಯನ್ನು ಉಪ ನೋಂದಣಾಧಿಕಾರಿ 2007ರಲ್ಲಿ ಒಪ್ಪಿದರು. ಮೇಲ್ಮನವಿ ಮಂಡಳಿ 2011ರಲ್ಲಿ ಅದನ್ನು ತಳ್ಳಿಹಾಕಿತು. 2014ರಲ್ಲಿ ಹೈಕೋರ್ಟೂ ಮಂಡಳಿಯ ಮಾತನ್ನೇ ಎತ್ತಿಹಿಡಿಯಿತು. ಕಟ್ಟಕಡೆಗೆ 2018ರಲ್ಲಿ ಸುಪ್ರೀಂ ಕೋರ್ಟು, ನಂದಿನಿ ಎಂಬುದು ದೇವಿಗೂ ಪುರಾಣದ ಗೋವಿಗೂ ಇರುವ ಹೆಸರು, ಎರಡು ಚಿಹ್ನೆಗಳೂ ನೋಟಕ್ಕೆ ಬೇರೆ ಎಂದು ಹೇಳಿ, ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು ಉಳಿದುದಕ್ಕೆ ಹೋಟೆಲಿಗೆ ನೋಂದಣಿಯನ್ನು ಕೊಡಿಸಿತು. ಒಂದು ಹೆಸರಿಗಾಗಿ ಇಷ್ಟು ವರ್ಷಗಳ ವ್ಯಾಜ್ಯ!

ಕನ್ನಡ ಲಿಪಿಯ ಚಿಹ್ನೆಗೆ ಅರ್ಜಿದಾರರು ಅದರ ಉಚ್ಚಾರವನ್ನೂ ಅರ್ಥವನ್ನೂ ಇಂಗ್ಲಿಷಿನಲ್ಲಿ ಇಲ್ಲವೆ ಹಿಂದಿಯಲ್ಲಿ ಬರೆದುಕೊಡಬೇಕೆಂಬುದು ನಿಯಮ. ಆದರೆ ಅಕ್ಷರ ತಿಳಿದ ಮಾತ್ರಕ್ಕೆ ಪದದ ವಾಸನೆ ತಿಳಿಯುವುದೇ? ಯಾವುದು ಮನೆಮಾತಿನ ಸಾಮಾನ್ಯ ಪದ, ಯಾವುದು ಒಬ್ಬರು ದುಡಿದು ಗಳಿಸಿದ ಹೆಸರು ಎಂಬುದನ್ನು ಭಾಷೆ ಬಲ್ಲವರೇ ಬೇಗನೆ ಗುರುತಿಸಬಲ್ಲರು.

ಪರೀಕ್ಷಕರಿಗೆ ತರಬೇತಿ ಕೊಡಲು ನಾಗಪುರದಲ್ಲಿ ರಾಜೀವ್ ಗಾಂಧಿ ರಾಷ್ಟ್ರೀಯ ಬೌದ್ಧಿಕ ಸಂಪದಾ ನಿರ್ವಹಣಾ ಸಂಸ್ಥೆ ಇದೆ. ಪೇಟೆಂಟ್ ಪರೀಕ್ಷೆಗೆ ವಿಜ್ಞಾನ, ಇಂಜಿನಿಯರಿಂಗ್ ಓದಿದವರು ಬೇಕು. ಚಿಹ್ನೆಗಳ ಪರೀಕ್ಷೆಗೆ ಕಾನೂನು ಬಲ್ಲವರು ಬೇಕು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಕಲಿತ ಪೀಳಿಗೆಯ ಮೊಮ್ಮಕ್ಕಳಿಗೆ ಈ ವಿದ್ಯೆಗಳು ಇಂದು ಎಟುಕದವೇನಲ್ಲ. ಆ ಮಕ್ಕಳು ಮನೆಯಲ್ಲಿ ಕನ್ನಡವನ್ನೂ ಉಳಿಸಿಕೊಂಡು ಈ ಕಚೇರಿಗಳ ಮೇಜಿನ ಬಳಿ ಕುಳಿತರೆ, ಹಿರಿಯರು ಗಳಿಸಿದ ಹೆಸರಿಗೆ ತಿಳಿದ ಕಾವಲು ದೊರೆಯುವುದು. ಈ ರಾಜ್ಯೋತ್ಸವದಂದು ನಮ್ಮ ತಂದೆತಾಯಿಗಳು ಇದನ್ನು ಮನಸ್ಸಿಗೆ ತಂದುಕೊಳ್ಳಲೆಂದು ನಾವು ಹಾರೈಸುತ್ತೇವೆ.